ದೋಷದ ಜಾಡು

ಮನುಷ್ಯನ ಕೈಯಿಂದ ಮೂಡಿದ ವಸ್ತು ಮೊದಲ ಯತ್ನದಲ್ಲಿಯೇ ನಿರ್ದುಷ್ಟವಾಗಿ ಸಿದ್ಧವಾಗುವುದು ಅಪರೂಪ. ಬಡಗಿಯು ಹೊಸದಾಗಿ ಕೂರಿಸಿದ ಬಾಗಿಲು ಚೌಕಟ್ಟಿಗೆ ತಾಗುತ್ತದೆ; ಅವನು ಉಜ್ಜಿದ ಗುರುತನ್ನು ನೋಡಿ ಅಷ್ಟು ಭಾಗವನ್ನು ಮಾತ್ರ ಹೆರೆದು ಸರಿಪಡಿಸುತ್ತಾನೆ. ದರ್ಜಿಯು ಹೊಲಿದ ಅಂಗಿ ಹೆಗಲಲ್ಲಿ ಬಿಗಿಯಾದರೆ ಆ ಹೊಲಿಗೆಯೊಂದನ್ನೇ ಬಿಚ್ಚುತ್ತಾನೆ. ಇಂತಹ ವಸ್ತುಗಳಲ್ಲಿ ದೋಷವು ಇರುವ ಸ್ಥಳವೇ ಅದು ಕಾಣುವ ಸ್ಥಳವೂ ಹೌದು. ಗಣಕಯಂತ್ರಗಳಿಗಾಗಿ ಬರೆದ ಪ್ರೋಗ್ರಾಂಗಳ ವಿಷಯದಲ್ಲಿ ಈ ಅನುಕೂಲವಿಲ್ಲ. ತಪ್ಪು ಕಾಣುವುದು ಒಂದು ಕಡೆ, ಅದರ ಮೂಲವಿರುವುದು ಇನ್ನೊಂದು ಕಡೆ. ಆದುದರಿಂದ ಪ್ರೋಗ್ರಾಂ ಬರೆಯುವುದು ಎಷ್ಟು ದೊಡ್ಡ ವಿದ್ಯೆಯೋ, ಅದರ ದೋಷವನ್ನು ಹುಡುಕುವುದೂ ಅಷ್ಟೇ ದೊಡ್ಡ ವಿದ್ಯೆ. ಹವ್ಯಾಸಿಗಳು ತಮ್ಮ ಮನೆಯ ಮೇಜಿನ ಮೇಲೆ ನಿರ್ಮಿಸಿಕೊಳ್ಳುವ ಒಂದು ಪುಟ್ಟ ಸಾಧನದ ಮೂಲಕ ಈ ವಿದ್ಯೆಯ ಪರಿಚಯ ಮಾಡಿಕೊಳ್ಳಬಹುದು. ಚಿತ್ರ ಬಿಡಿಸಬಲ್ಲ ಟರ್ಮಿನಲ್ಲೇ ಆ ಸಾಧನ.

ಟರ್ಮಿನಲ್ ಎಂದರೆ ಗಣಕದೊಡನೆ ಮಾತನಾಡುವ ಬಾಗಿಲು. ೧೯೬೩ರಲ್ಲಿ ಬಳಕೆಗೆ ಬಂದ ಮೂವತ್ತಮೂರನೆಯ ಮಾದರಿಯ ಟೆಲಿಟೈಪ್ ಯಂತ್ರವು ಸೆಕೆಂಡಿಗೆ ೧೦ ಅಕ್ಷರಗಳಂತೆ ಕಾಗದದ ಮೇಲೆ ಅಚ್ಚು ಮಾಡುತ್ತಿತ್ತು. ಕಾಲಕ್ರಮದಲ್ಲಿ ಕಾಗದದ ಬದಲಿಗೆ ಗಾಜಿನ ಪರದೆ ಬಂದಿತು. ೧೯೭೨ರಲ್ಲಿ ಬಂದ ಟೆಕ್‌ಟ್ರಾನಿಕ್ಸ್ ೪೦೧೦ ಎಂಬ ಟರ್ಮಿನಲ್ ಅಕ್ಷರಗಳನ್ನು ಮಾತ್ರವಲ್ಲದೆ ರೇಖೆಗಳನ್ನೂ ಎಳೆಯಬಲ್ಲುದಾಗಿತ್ತು. ೧೯೭೮ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯು ಹೊರತಂದ ವಿಟಿ-೧೦೦ ಎಂಬ ಟರ್ಮಿನಲ್ ಬಹಳ ಪ್ರಸಿದ್ಧವಾಯಿತು. ೨೪ ಸಾಲು, ಸಾಲಿಗೆ ೮೦ ಅಕ್ಷರ, ಇದು ಅದರ ಪರದೆಯ ಅಳತೆ. ಅದು ಪಾಲಿಸುತ್ತಿದ್ದ ಆಜ್ಞೆಗಳ ಪದ್ಧತಿಯು ಇಂದಿಗೂ ಗಣಕಗಳಲ್ಲಿ ಬಳಕೆಯಲ್ಲಿದೆ.

ಆ ಪದ್ಧತಿ ಸರಳವಾದದ್ದು. ತಂತಿಯಲ್ಲಿ ಬರುವ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ಇಂಗ್ಲಿಷಿನ ದೊಡ್ಡ ಎ ಅಕ್ಷರಕ್ಕೆ ೬೫, ಬಿ ಅಕ್ಷರಕ್ಕೆ ೬೬, ಹೀಗೆ. ೨೭ ಎಂಬ ಸಂಖ್ಯೆಗೆ ಎಸ್ಕೇಪ್ ಎಂದು ಹೆಸರು. ಅದು ಪರದೆಯ ಮೇಲೆ ಮೂಡುವ ಅಕ್ಷರವಲ್ಲ. ‘ಇನ್ನು ಮುಂದೆ ಬರುವುದು ಆಜ್ಞೆ, ಅದನ್ನು ಬರೆಯಬೇಡ, ಪಾಲಿಸು’ ಎಂಬುದು ಅದರ ಅರ್ಥ. ಎಸ್ಕೇಪ್, ಚೌಕ ಆವರಣದ ಚಿಹ್ನೆ, ೫, ಅರ್ಧವಿರಾಮ, ೧೦, ಎಚ್ ಅಕ್ಷರ, ಇವು ಒಂದರ ಹಿಂದೆ ಒಂದು ಬಂದರೆ ಟರ್ಮಿನಲ್ ಐದನೆಯ ಸಾಲಿನ ಹತ್ತನೆಯ ಸ್ಥಾನದಲ್ಲಿ ಬರೆಯಲು ಸಿದ್ಧವಾಗಬೇಕು.

ಹಿಂದೆ ದೊಡ್ಡ ಪೆಟ್ಟಿಗೆಯೊಂದು ಮಾಡುತ್ತಿದ್ದ ಈ ಕೆಲಸವನ್ನು ಇಂದು ಉಗುರಿನಷ್ಟು ಅಗಲದ ಮೈಕ್ರೊಕಂಟ್ರೋಲರ್ ಮಾಡಬಲ್ಲುದು. ಎಣಿಕೆ ಮಾಡುವ ಭಾಗ, ಮೆಮೊರಿ, ಹೊರಗಿನ ತಂತಿಗಳೊಡನೆ ವ್ಯವಹರಿಸುವ ಭಾಗ, ಇವೆಲ್ಲ ಒಂದೇ ಚಿಪ್ಪಿನಲ್ಲಿ ಅಡಕವಾಗಿರುವ ಪುಟ್ಟ ಗಣಕವೇ ಮೈಕ್ರೊಕಂಟ್ರೋಲರ್. ೨೦೦೫ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿ ಆರಂಭವಾದ ಆರ್ಡುಯಿನೊ ಫಲಕಗಳಿಂದಾಗಿ ಅದು ಜಗತ್ತಿನ ಹವ್ಯಾಸಿಗಳ ಕೈಗೆ ಸುಲಭವಾಗಿ ದೊರೆಯಿತು. ಆರ್ಡುಯಿನೊ ಊನೊ ಎಂಬ ಫಲಕದಲ್ಲಿರುವ ಎಟಿಮೆಗಾ ೩೨೮ ಚಿಪ್ಪು ಸೆಕೆಂಡಿಗೆ ೧ ಕೋಟಿ ೬೦ ಲಕ್ಷ ಮಿಡಿತಗಳ ವೇಗದಲ್ಲಿ ನಡೆಯುತ್ತದೆ. ಆದರೆ ಅದರ ತಾತ್ಕಾಲಿಕ ಮೆಮೊರಿ ಕೇವಲ ೨,೦೪೮ ಬೈಟುಗಳು. ೩೨೦ ಚುಕ್ಕೆ ಅಗಲ, ೨೪೦ ಚುಕ್ಕೆ ಎತ್ತರದ ವರ್ಣಪರದೆಗೆ, ಚುಕ್ಕೆಗೆ ಎರಡು ಬೈಟಿನಂತೆ, ೧,೫೩,೬೦೦ ಬೈಟುಗಳು ಬೇಕು. ಚಿಪ್ಪಿನ ಮೆಮೊರಿಗಿಂತ ಇದು ೭೫ ಪಾಲು ದೊಡ್ಡದು! ಆದಕಾರಣ ಚಿತ್ರವು ಪರದೆಯ ಫಲಕದೊಳಗಿನ ಮೆಮೊರಿಯಲ್ಲಿಯೇ ಉಳಿಯಬೇಕು. ತಂತಿಯಲ್ಲಿಯೂ ಚುಕ್ಕೆ ಚುಕ್ಕೆಯನ್ನು ಕಳುಹಿಸುವುದಕ್ಕೆ ಬದಲಾಗಿ ‘ಈ ಬಿಂದುವಿನಿಂದ ಆ ಬಿಂದುವಿಗೆ ಗೆರೆ ಎಳೆ’ ಎಂಬ ಆಜ್ಞೆಯನ್ನು ಮಾತ್ರ ಕಳುಹಿಸಬೇಕು. ಗೆರೆಯ ಮೇಲೆ ಯಾವ ಚುಕ್ಕೆಗಳು ಬೀಳುತ್ತವೆಂಬುದನ್ನು ಪೂರ್ಣಾಂಕಗಳಿಂದಲೇ ಲೆಕ್ಕ ಹಾಕುವ ಜಾಣ ವಿಧಾನವನ್ನು ಬ್ರೆಸೆನ್‌ಹ್ಯಾಮ್ ಎಂಬ ತಂತ್ರಜ್ಞರು ೧೯೬೨ರಲ್ಲಿ ರೂಪಿಸಿ ೧೯೬೫ರಲ್ಲಿ ಪ್ರಕಟಿಸಿದರು. ಪುಟ್ಟ ಚಿಪ್ಪುಗಳಿಗೆ ಅದು ಇಂದಿಗೂ ಆಸರೆ.

ಹೀಗೆ ಟರ್ಮಿನಲ್ಲಿನ ಪ್ರೋಗ್ರಾಂ ಸಿದ್ಧವಾಯಿತೆಂದು ಭಾವಿಸೋಣ. ತಂತಿ ಜೋಡಿಸಿ ವಿದ್ಯುತ್ತು ಕೊಟ್ಟಾಗ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಆಗ ಅನುಭವವಿಲ್ಲದವನು ಚಿಪ್ಪು ಕೆಟ್ಟಿದೆಯೆಂದೋ ಪರದೆ ಅಗ್ಗದ್ದೆಂದೋ ದೂರುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಬಲ್ಲವನು ದೂರುವುದನ್ನು ಬಿಟ್ಟು ವಿಭಾಗ ಮಾಡುತ್ತಾನೆ. ಅಕ್ಷರವು ತಂತಿಯಲ್ಲಿ ಬರುತ್ತದೆ; ಚಿಪ್ಪು ಅದನ್ನು ಹಿಡಿಯುತ್ತದೆ; ಪ್ರೋಗ್ರಾಂ ಅದರ ಅರ್ಥವನ್ನು ತಿಳಿಯುತ್ತದೆ; ಕೊನೆಗೆ ಪರದೆಯ ಮೇಲೆ ಬರೆಯುತ್ತದೆ. ಈ ನಾಲ್ಕು ಘಟ್ಟಗಳಲ್ಲಿ ದೋಷವು ಯಾವುದರಲ್ಲಿದೆ ಎಂಬುದೇ ಮೊದಲ ಪ್ರಶ್ನೆ. ನಡುವಿನ ಒಂದು ಘಟ್ಟವನ್ನು ಪರೀಕ್ಷಿಸಿ, ಅಲ್ಲಿಯವರೆಗೆ ಎಲ್ಲವೂ ಸರಿಯೆಂದು ಕಂಡರೆ, ಹುಡುಕಬೇಕಾದ ಪ್ರದೇಶ ಒಮ್ಮೆಗೇ ಅರ್ಧವಾಗುತ್ತದೆ. ಹೀಗೆ ಹತ್ತು ಸಲ ಅರ್ಧ ಮಾಡಿದರೆ ಸಾವಿರ ಸಾಲುಗಳ ಪ್ರೋಗ್ರಾಮಿನಲ್ಲಿ ಒಂದು ಸಾಲು ಉಳಿಯುತ್ತದೆ. ಬೆಟ್ಟವನ್ನೆಲ್ಲ ಅಗೆದು ಇಲಿ ಹಿಡಿಯುವ ಶ್ರಮ ಆಗ ಬೇಕಿಲ್ಲ.

ಮೊದಲು ತಂತಿಯನ್ನು ನೋಡೋಣ. ಅಕ್ಷರವೊಂದು ತಂತಿಯಲ್ಲಿ ಹತ್ತು ಬಿಟ್ಟುಗಳಾಗಿ ಸಾಗುತ್ತದೆ: ಆರಂಭವನ್ನು ಸೂಚಿಸುವ ಸೊನ್ನೆ, ಅಕ್ಷರದ ಎಂಟು ಬಿಟ್ಟುಗಳು, ಮುಕ್ತಾಯವನ್ನು ಸೂಚಿಸುವ ಒಂದು. ಕಳುಹಿಸುವವನೂ ಪಡೆಯುವವನೂ ಒಂದೇ ವೇಗದಲ್ಲಿ ಎಣಿಸಿದರೆ ಮಾತ್ರ ಅಕ್ಷರ ಅಕ್ಷರವಾಗಿ ಉಳಿಯುತ್ತದೆ. ಇದನ್ನು ಪರೀಕ್ಷಿಸಲು ಹವ್ಯಾಸಿಗಳು ಇಂಗ್ಲಿಷಿನ ದೊಡ್ಡ ಯು ಅಕ್ಷರವನ್ನು ಬಿಡುವಿಲ್ಲದೆ ಕಳುಹಿಸುತ್ತಾರೆ. ಅದರ ಸಂಖ್ಯೆ ೮೫. ಆರಂಭ ಮತ್ತು ಮುಕ್ತಾಯದ ಬಿಟ್ಟುಗಳೂ ಸೇರಿದಾಗ ಅದು ತಂತಿಯಲ್ಲಿ ಸೊನ್ನೆ, ಒಂದು, ಸೊನ್ನೆ, ಒಂದು ಎಂದು ತಪ್ಪದೆ ಬದಲಾಗುವ ಸಮನಾದ ಅಲೆಯಾಗುತ್ತದೆ. ಸೆಕೆಂಡಿಗೆ ೯,೬೦೦ ಬಿಟ್ಟುಗಳ ವೇಗದಲ್ಲಿ ಪ್ರತಿ ಮೆಟ್ಟಿಲೂ ಸೆಕೆಂಡಿನ ಹತ್ತು ಲಕ್ಷದ ೧೦೪ ಭಾಗದಷ್ಟು ಉದ್ದವಿರಬೇಕು. ಅಲೆಗಳನ್ನು ತೋರಿಸುವ ಆಸಿಲೋಸ್ಕೋಪಿನಲ್ಲಿ ಅದನ್ನು ಅಳೆದರೆ ವೇಗದ ತಪ್ಪು ಕಣ್ಣಿಗೇ ಕಾಣುತ್ತದೆ.

ವೇಗದ ತಪ್ಪು ಎಲ್ಲಿಂದ ಬರುತ್ತದೆ? ಚಿಪ್ಪು ತನ್ನ ಮಿಡಿತಗಳನ್ನು ಭಾಗಿಸಿ ಈ ವೇಗವನ್ನು ಪಡೆಯುತ್ತದೆ. ೧ ಕೋಟಿ ೬೦ ಲಕ್ಷವನ್ನು ಮೊದಲು ೧೬ರಿಂದ ಭಾಗಿಸಿದರೆ ೧೦ ಲಕ್ಷ. ಅದನ್ನು ೧೦೪ರಿಂದ ಭಾಗಿಸಿದರೆ ೯,೬೧೫. ೯,೬೦೦ಕ್ಕೆ ಬಹಳ ಹತ್ತಿರ. ಆದರೆ ೧,೧೫,೨೦೦ರ ವೇಗ ಬೇಕಾದಾಗ ೯ರಿಂದ ಭಾಗಿಸಿದರೆ ೧,೧೧,೧೧೧ ಬರುತ್ತದೆ, ೮ರಿಂದ ಭಾಗಿಸಿದರೆ ೧,೨೫,೦೦೦ ಬರುತ್ತದೆ. ಬೇಕಾದ ಸಂಖ್ಯೆ ಎರಡರ ನಡುವೆ ತಪ್ಪಿಸಿಕೊಳ್ಳುತ್ತದೆ. ೯ನ್ನು ಆರಿಸಿಕೊಂಡರೆ ತಪ್ಪು ಶೇಕಡ ಮೂರೂವರೆ. ಹತ್ತನೆಯ ಬಿಟ್ಟಿನ ವೇಳೆಗೆ ಅದು ಒಂದು ಬಿಟ್ಟಿನ ಮೂರನೆಯ ಒಂದು ಭಾಗದಷ್ಟು ಕೂಡಿಕೊಳ್ಳುತ್ತದೆ. ಅರ್ಧ ಬಿಟ್ಟನ್ನು ದಾಟಿದರೆ ಅಕ್ಷರ ಕೆಡುತ್ತದೆ. ಇನ್ನೊಂದು ತುದಿಯ ಗಡಿಯಾರವೂ ವಿರುದ್ಧ ದಿಕ್ಕಿನಲ್ಲಿ ಸ್ವಲ್ಪ ತಪ್ಪಿದರೆ ಸಾಕು, ಈ ಮಿತಿ ಮೀರಿಹೋಗುತ್ತದೆ. ಒಬ್ಬನ ಯಂತ್ರದಲ್ಲಿ ಸರಿಯಾಗಿ ನಡೆದ ಪ್ರೋಗ್ರಾಂ ಇನ್ನೊಬ್ಬನ ಯಂತ್ರದಲ್ಲಿ ಕೆಡಲು ಇಂತಹ ಕಾರಣಗಳುಂಟು. ೧೪೭.೪೫೬ ಲಕ್ಷ ಮಿಡಿತಗಳ ಸ್ಫಟಿಕವನ್ನು ಬಳಸಿದರೆ ೧೬ರಿಂದಲೂ ೮ರಿಂದಲೂ ಭಾಗಿಸಿದಾಗ ಸರಿಯಾಗಿ ೧,೧೫,೨೦೦ ದೊರೆಯುತ್ತದೆ. ವಿಚಿತ್ರವಾಗಿ ತೋರುವ ಆ ಸಂಖ್ಯೆಯ ಸ್ಫಟಿಕಗಳನ್ನು ಅಂಗಡಿಗಳಲ್ಲಿ ಮಾರುವುದರ ಗುಟ್ಟು ಇದು.

ಇನ್ನು ಎರಡನೆಯ ಬಗೆಯ ದೋಷ. ಅಕ್ಷರಗಳೆಲ್ಲ ಸರಿಯಾಗಿಯೇ ಮೂಡುತ್ತಿವೆ. ಆದರೆ ಪರದೆಯನ್ನು ಅಳಿಸುವ ಆಜ್ಞೆ ಬಂದ ಮೇಲೆ ಮಾತ್ರ ಮುಂದಿನ ಸಾಲುಗಳಲ್ಲಿ ಅಕ್ಷರಗಳು ಕಾಣೆಯಾಗುತ್ತವೆ. ಅಳಿಸುವ ಭಾಗದಲ್ಲಿ ತಪ್ಪಿದೆಯೆಂದು ತೋರುವುದು ಸಹಜ. ಆ ಭಾಗವನ್ನು ಎಷ್ಟು ಸಲ ಓದಿದರೂ ತಪ್ಪು ಸಿಗುವುದಿಲ್ಲ. ಏಕೆಂದರೆ ಅಲ್ಲಿ ತಪ್ಪಿಲ್ಲ! ಶೋಧಕನು ತಂತಿಯ ವೇಗವನ್ನು ೨,೪೦೦ ಬಿಟ್ಟಿಗೆ ಇಳಿಸುತ್ತಾನೆ, ದೋಷ ಮಾಯವಾಗುತ್ತದೆ. ೯,೬೦೦ಕ್ಕೆ ಏರಿಸುತ್ತಾನೆ, ದೋಷ ಮರಳುತ್ತದೆ. ತರ್ಕದ ತಪ್ಪು ವೇಗಕ್ಕೆ ಅಂಜುವುದಿಲ್ಲ. ಆದುದರಿಂದ ಇದು ಕಾಲಕ್ಕೆ ಸಂಬಂಧಿಸಿದ ತಪ್ಪು. ಈಗ ಲೆಕ್ಕ ಹಾಕಬೇಕು. ೧,೫೩,೬೦೦ ಬೈಟುಗಳನ್ನು ಪರದೆಯ ಫಲಕಕ್ಕೆ ಸೆಕೆಂಡಿಗೆ ೮೦ ಲಕ್ಷ ಬಿಟ್ಟಿನಂತೆ ಕಳುಹಿಸಿದರೂ ಕನಿಷ್ಠ ೦.೧೫ ಸೆಕೆಂಡು ಬೇಕು. ಅಷ್ಟರಲ್ಲಿ ೨,೪೦೦ರ ವೇಗದಲ್ಲಿ ಬರುವುದು ೩೭ ಅಕ್ಷರ, ೯,೬೦೦ರಲ್ಲಿ ೧೪೭ ಅಕ್ಷರ. ಬಂದ ಅಕ್ಷರಗಳು ತಮ್ಮ ಸರದಿಗಾಗಿ ಕಾದಿರುವ ಕಟ್ಟೆಯಲ್ಲಿ ಇರುವ ಸ್ಥಳ ೬೪ ಮಾತ್ರ. ಕಟ್ಟೆ ತುಂಬಿದ ಮೇಲೆ ಬಂದವು ಚೆಲ್ಲಿಹೋದವು. ಪರಿಹಾರವೂ ಇದರಿಂದಲೇ ಹೊಳೆಯುತ್ತದೆ: ಕಟ್ಟೆ ತುಂಬುವ ಮೊದಲೇ ೧೯ ಎಂಬ ಸಂಖ್ಯೆಯನ್ನು ಕಳುಹಿಸಿ ‘ತಾಳು’ ಎನ್ನಬೇಕು, ಬರಿದಾದ ಮೇಲೆ ೧೭ನ್ನು ಕಳುಹಿಸಿ ‘ಮುಂದುವರಿ’ ಎನ್ನಬೇಕು. ಪೂರ್ತಿ ತುಂಬುವವರೆಗೆ ಕಾಯಬಾರದು. ‘ತಾಳು’ ಎಂಬ ಮಾತು ತಲುಪುವುದರೊಳಗೆ ಇನ್ನೂ ಕೆಲವು ಅಕ್ಷರಗಳು ದಾರಿಯಲ್ಲಿರುತ್ತವೆ.

ಮೂರನೆಯ ಬಗೆಯ ದೋಷ ಎಣಿಕೆಯ ಎಲ್ಲೆಯಲ್ಲಿ ಅಡಗಿರುತ್ತದೆ. ಒಂದು ಬೈಟು ೦ಯಿಂದ ೨೫೫ರವರೆಗಿನ ಸಂಖ್ಯೆಯನ್ನು ಮಾತ್ರ ಹಿಡಿಯಬಲ್ಲುದು. ೨೫೬ ಬಂದರೆ ಅದು ಮತ್ತೆ ೦ ಆಗುತ್ತದೆ. ಪರದೆಯ ಅಗಲ ೩೨೦ ಚುಕ್ಕೆ. ಅಡ್ಡಳತೆಯನ್ನು ಒಂದೇ ಬೈಟಿನಲ್ಲಿ ಇರಿಸಿದ್ದರೆ ೩೦೦ನೆಯ ಸ್ಥಾನದ ಚುಕ್ಕೆ ೪೪ರಲ್ಲಿ ಮೂಡುತ್ತದೆ. ಬಲಗಡೆಯ ಅಂಚಿನ ಚಿತ್ರ ಎಡಗಡೆಯಲ್ಲಿ ಪ್ರತ್ಯಕ್ಷವಾಗುತ್ತದೆ! ಪರದೆಯ ನಡುವೆ ಎಷ್ಟು ವೃತ್ತಗಳನ್ನು ಬಿಡಿಸಿ ನೋಡಿದರೂ ಈ ದೋಷ ಕಾಣದು. ಆದಕಾರಣ ಪರೀಕ್ಷಕನು ೦, ೧, ೨೫೫, ೨೫೬, ೩೧೯, ೩೨೦ ಮುಂತಾದ ಎಲ್ಲೆಯ ಸಂಖ್ಯೆಗಳನ್ನೇ ಆರಿಸಿಕೊಳ್ಳಬೇಕು. ಬೇಲಿ ಮುರಿದಿರುವುದು ಹೊಲದ ಅಂಚಿನಲ್ಲಿಯೇ ಹೊರತು ನಡುವಿನಲ್ಲಲ್ಲ.

ಇವೆಲ್ಲಕ್ಕಿಂತ ಕಠಿನವಾದುದು ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣುವ ದೋಷ. ಎಂಟು ಬಿಟ್ಟಿನ ಚಿಪ್ಪು ಎರಡು ಬೈಟುಗಳ ಸಂಖ್ಯೆಯನ್ನು ಎರಡು ಸಲಕ್ಕೆ ಓದುತ್ತದೆ. ೨೫೫ರಲ್ಲಿರುವ ಎಣಿಕೆಯ ಕೆಳಬೈಟನ್ನು ಓದಿದ ಕ್ಷಣದಲ್ಲಿಯೇ ಬೇರೊಂದು ತುರ್ತು ಕೆಲಸ ನಡುವೆ ಬಂದು ಎಣಿಕೆಯನ್ನು ೨೫೬ಕ್ಕೆ ಏರಿಸಿತೆನ್ನಿ. ಅನಂತರ ಓದಿದ ಮೇಲ್ಬೈಟು ಹೊಸದು, ಮೊದಲು ಓದಿದ ಕೆಳಬೈಟು ಹಳೆಯದು. ಎರಡೂ ಸೇರಿ ೫೧೧ ಎಂಬ, ಎಂದೂ ಇಲ್ಲದಿದ್ದ ಸಂಖ್ಯೆ ಹುಟ್ಟುತ್ತದೆ. ಇಂತಹ ದೋಷವನ್ನು ಬೇಕೆಂದಾಗ ಕಾಣುವಂತೆ ಮಾಡುವುದೇ ಅರ್ಧ ಗೆಲುವು. ಅದಕ್ಕಾಗಿ ಯಾವ ಅಕ್ಷರಗಳು, ಯಾವ ವೇಗದಲ್ಲಿ, ಯಾವ ಕ್ರಮದಲ್ಲಿ ಬಂದಾಗ ಅದು ಕಂಡಿತೆಂಬುದನ್ನು ಬರೆದಿಡಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಎರಡನ್ನು ಬದಲಾಯಿಸಿದಾಗ ದೋಷ ಹೋದರೆ ಯಾವುದರಿಂದ ಹೋಯಿತೆಂದು ಹೇಳಲಾಗದು. ೧೯೪೭ರ ಸೆಪ್ಟೆಂಬರ್ ೯ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್-೨ ಗಣಕದ ೭೦ನೆಯ ರಿಲೇಯಲ್ಲಿ ಸಿಕ್ಕಿಕೊಂಡಿದ್ದ ಪತಂಗವೊಂದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿದರು. ದೋಷವನ್ನು ಕೀಟವೆಂದು ಕರೆಯುವ ವಾಡಿಕೆ ಎಡಿಸನ್ನರ ಕಾಲದಿಂದಲೂ ಇತ್ತು. ಅಂದು ನಿಜವಾದ ಕೀಟವೇ ಸಿಕ್ಕಿತು. ದೋಷವನ್ನು ಅದು ಸಿಕ್ಕಿದ ಸ್ಥಳದೊಡನೆ ದಾಖಲೆ ಮಾಡುವ ಆ ಶಿಸ್ತು ಇಂದಿಗೂ ಮಾದರಿ.

ದೋಷವನ್ನು ತಿದ್ದಿದ ಮೇಲೆ ಪರೀಕ್ಷೆ ಮುಗಿಯುವುದಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿದರೆ ಸಾಕು. ಒಂದೇ ನೀರು, ಒಂದೇ ಉರಿಯಲ್ಲಿ ಎಲ್ಲ ಅಗುಳುಗಳೂ ಬೇಯುತ್ತವೆ. ಪ್ರೋಗ್ರಾಮಿನಲ್ಲಿ ಒಂದು ಆಜ್ಞೆ ಸರಿಯಿದ್ದ ಮಾತ್ರಕ್ಕೆ ಪಕ್ಕದ ಆಜ್ಞೆ ಸರಿಯಿರಬೇಕೆಂದಿಲ್ಲ. ೮೦ನೆಯ ಅಕ್ಷರ ಬರೆದ ಕೂಡಲೆ ಮುಂದಿನ ಸಾಲಿಗೆ ಹೋಗಬೇಕೇ? ವಿಟಿ-೧೦೦ ಹಾಗೆ ಹೋಗುತ್ತಿರಲಿಲ್ಲ. ೮೧ನೆಯ ಅಕ್ಷರ ಬಂದಾಗ ಮಾತ್ರ ಹೋಗುತ್ತಿತ್ತು. ಆಜ್ಞೆಯ ಅರ್ಧ ಭಾಗ ಬಂದು ಉಳಿದರ್ಧ ತಡವಾಗಿ ಬಂದರೆ? ತಿಳಿಯದ ಆಜ್ಞೆ ಬಂದರೆ? ಇಂತಹ ಪ್ರಶ್ನೆಗಳಿಗೆ ಒಂದೊಂದು ಪರೀಕ್ಷೆಯನ್ನು ಬರೆದಿಟ್ಟು, ಪ್ರೋಗ್ರಾಮನ್ನು ಬದಲಾಯಿಸಿದಾಗಲೆಲ್ಲ ಅವೆಲ್ಲವನ್ನೂ ಮತ್ತೆ ನಡೆಸಬೇಕು. ೧೯೮೮ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಬಾರ್ಟನ್ ಮಿಲ್ಲರ್ ಅವರು ಬಿರುಗಾಳಿಯ ರಾತ್ರಿಯೊಂದರಲ್ಲಿ ಮನೆಯಿಂದ ದೂರವಾಣಿ ತಂತಿಯ ಮೂಲಕ ಗಣಕವನ್ನು ಬಳಸುತ್ತಿದ್ದಾಗ, ತಂತಿಯ ಗದ್ದಲದಿಂದ ಹುಟ್ಟಿದ ಕಸದ ಅಕ್ಷರಗಳಿಗೆ ಪ್ರೋಗ್ರಾಂಗಳು ಕುಸಿಯುತ್ತಿದ್ದುದನ್ನು ಗಮನಿಸಿದರು. ಅನಂತರ ಅವರೂ ಅವರ ವಿದ್ಯಾರ್ಥಿಗಳೂ ಬೇಕೆಂದೇ ಗೊತ್ತುಗುರಿಯಿಲ್ಲದ ಅಕ್ಷರಗಳನ್ನು ಊಡಿ ನೋಡಿದರು. ಪರೀಕ್ಷಿಸಿದ ಪ್ರೋಗ್ರಾಂಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಕುಸಿದುಬಿದ್ದವು. ಹವ್ಯಾಸಿಯೂ ತನ್ನ ಟರ್ಮಿನಲ್ಲನ್ನು ಹೀಗೆ ಪರೀಕ್ಷಿಸಬಹುದು, ಖರ್ಚೇನೂ ಇಲ್ಲ.

ಮನೆಯ ಮೇಜಿನ ಮೇಲಿನ ಆಟಿಕೆಗೆ ಇಷ್ಟೊಂದು ಶಿಸ್ತು ಏಕೆ ಎಂದು ಕೇಳಬಹುದು. ಥೆರಾಕ್-೨೫ ಎಂಬ ಯಂತ್ರದ ಕಥೆ ಅದಕ್ಕೆ ಉತ್ತರ. ಅರ್ಬುದ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುತ್ತಿದ್ದ ಈ ಯಂತ್ರವು ೧೯೮೫ರ ಜೂನ್ ತಿಂಗಳಿಂದ ೧೯೮೭ರ ಜನವರಿಯವರೆಗೆ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಸೂಸಿತು. ಅವರಲ್ಲಿ ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಹಿಂದಿನ ಮಾದರಿಗಳಲ್ಲಿ ಅಪಾಯವನ್ನು ತಡೆಯುವ ಸ್ವತಂತ್ರ ಉಪಕರಣಗಳಿದ್ದವು. ಇದರಲ್ಲಿ ಆ ಹೊಣೆಯ ಬಹುಭಾಗವನ್ನು ಪ್ರೋಗ್ರಾಮಿಗೇ ಒಪ್ಪಿಸಲಾಗಿತ್ತು. ಯಂತ್ರವನ್ನು ನಡೆಸುವವರು ಆಜ್ಞೆಗಳನ್ನು ಬೆರಳಚ್ಚಿಸುತ್ತಿದ್ದುದು ವಿಟಿ-೧೦೦ ಟರ್ಮಿನಲ್ಲಿನಲ್ಲಿಯೇ. ೧೯೮೬ರಲ್ಲಿ ಟೆಕ್ಸಾಸ್ ರಾಜ್ಯದ ಒಂದು ಆಸ್ಪತ್ರೆಯಲ್ಲಿ ದುರಂತ ನಡೆದಾಗ ತಯಾರಕರ ಇಂಜಿನಿಯರರು ಬಂದು ಪರೀಕ್ಷಿಸಿದರು, ದೋಷ ಮರುಕಳಿಸಲಿಲ್ಲ. ಮೂರು ವಾರಗಳ ಅನಂತರ ಅಲ್ಲಿಯೇ ಎರಡನೆಯ ದುರಂತ ನಡೆಯಿತು. ಆಗ ಆಸ್ಪತ್ರೆಯ ಭೌತವಿಜ್ಞಾನಿಯೂ ಯಂತ್ರ ನಡೆಸುತ್ತಿದ್ದ ಸಿಬ್ಬಂದಿಯೂ ಪಟ್ಟುಬಿಡದೆ ಅಂದಿನ ಕ್ರಿಯೆಗಳನ್ನು ಮತ್ತೆ ಮತ್ತೆ ಮಾಡಿ ನೋಡಿದರು. ಕೊನೆಗೆ ಗುಟ್ಟು ಹೊರಬಿತ್ತು. ಯಂತ್ರದ ಅಯಸ್ಕಾಂತಗಳು ಸಿದ್ಧವಾಗಲು ಸುಮಾರು ೮ ಸೆಕೆಂಡು ಬೇಕಾಗಿತ್ತು. ತಪ್ಪಾಗಿ ಒತ್ತಿದ ಅಕ್ಷರವೊಂದನ್ನು ಅಷ್ಟರೊಳಗೆ ತಿದ್ದಿ ಮುಗಿಸುವಷ್ಟು ಚುರುಕಾಗಿ ಬೆರಳಚ್ಚಿಸಿದರೆ, ಪರದೆಯ ಮೇಲೆ ತಿದ್ದುಪಡಿ ಕಾಣುತ್ತಿತ್ತು. ಪ್ರೋಗ್ರಾಂ ಮಾತ್ರ ಅದನ್ನು ಪೂರ್ತಿಯಾಗಿ ಗಮನಿಸುತ್ತಿರಲಿಲ್ಲ. ನಿಧಾನವಾಗಿ ಬೆರಳಚ್ಚಿಸಿದ ಪರೀಕ್ಷಕರಿಗೆ ಕಾಣದ ದೋಷ, ನುರಿತ ಕೈಗೆ ಕಂಡಿತು. ೧೯೮೭ರ ಜನವರಿಯ ದುರಂತಕ್ಕೆ ಕಾರಣ ಇನ್ನೂ ಚಿಕ್ಕದು. ಒಂದು ಬೈಟಿನ ಎಣಿಕೆ ಏರುತ್ತ ಹೋಗಿ ೨೫೬ನೆಯ ಸಲಕ್ಕೆ ಸೊನ್ನೆಯಾಗುತ್ತಿತ್ತು; ಸೊನ್ನೆಯೆಂದರೆ ಪರೀಕ್ಷೆ ಬೇಕಿಲ್ಲವೆಂದು ಅರ್ಥ. ಆ ಒಂದು ಕ್ಷಣದಲ್ಲಿ ಯಂತ್ರವನ್ನು ಚಾಲನೆ ಮಾಡಿದರೆ ಕಾವಲು ತಪ್ಪುತ್ತಿತ್ತು.

ಹವ್ಯಾಸಿಯ ಪುಟ್ಟ ಪರದೆಯಲ್ಲಿ ಬಲಗಡೆಯ ಚುಕ್ಕೆಯನ್ನು ಎಡಕ್ಕೆ ತಂದ ತಪ್ಪೂ, ಚಿಕಿತ್ಸಾಲಯದಲ್ಲಿ ಜೀವಕ್ಕೆ ಎರವಾದ ತಪ್ಪೂ ಒಂದೇ ಜಾತಿಯವು. ಒಂದರಲ್ಲಿ ಚಿತ್ರ ಕೆಟ್ಟಿತು, ಇನ್ನೊಂದರಲ್ಲಿ ಬಾಳು ಕೆಟ್ಟಿತು. ಇಂದು ಮೈಕ್ರೊಕಂಟ್ರೋಲರುಗಳು ವಾಹನಗಳಲ್ಲಿ, ಲಿಫ್ಟುಗಳಲ್ಲಿ, ರೋಗಿಯ ಹಾಸಿಗೆಯ ಬದಿಯ ಯಂತ್ರಗಳಲ್ಲಿ ಕೆಲಸ ಮಾಡುತ್ತಿವೆ. ನಾಳೆ ಅವುಗಳಿಗೆ ಪ್ರೋಗ್ರಾಂ ಬರೆಯತಕ್ಕವರು ಇಂದು ಚಿಕ್ಕ ಪರದೆಯ ಮುಂದೆ ಕುಳಿತಿರುವ ಹುಡುಗ ಹುಡುಗಿಯರೇ. ಪರೀಕ್ಷೆಗಳು ಎಷ್ಟೇ ಯಶಸ್ವಿಯಾದರೂ ಇನ್ನು ದೋಷವೇ ಇಲ್ಲವೆಂದು ಅವು ಸಾಧಿಸಲಾರವು. ಈ ಮಾತನ್ನು ನೆನಪಿನಲ್ಲಿಟ್ಟವನಿಗೆ ತನ್ನ ಕೆಲಸದ ಬಗ್ಗೆ ವಿನಯವಿರುತ್ತದೆ. ‘ನನ್ನ ಯಂತ್ರದಲ್ಲಿ ಸರಿಯಿದೆ’ ಎಂದು ಕೈತೊಳೆದುಕೊಳ್ಳದೆ, ದೂರು ತಂದವನ ಮಾತನ್ನು ನಂಬಿ, ಅವನು ಮಾಡಿದಂತೆಯೇ ಮಾಡಿ ನೋಡುವ ತಾಳ್ಮೆ ಅವನಿಗಿರುತ್ತದೆ. ದೋಷದ ಜಾಡನ್ನು ಹಿಡಿದು ಹೋಗುವವನಿಗೆ ಬೇಕಾದ ಮುಖ್ಯ ಉಪಕರಣ ಈ ತಾಳ್ಮೆಯೇ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಎಸ್ಕೇಪ್ ಎಂಬ ಸಂಖ್ಯೆಯು ಟರ್ಮಿನಲ್ಲಿಗೆ ಏನನ್ನು ಸೂಚಿಸುತ್ತದೆ?
೨. ವೇಗವನ್ನು ಪರೀಕ್ಷಿಸಲು ಯು ಅಕ್ಷರವನ್ನೇ ಆರಿಸಿಕೊಳ್ಳಲು ಕಾರಣವೇನು?
೩. ಹಾರ್ವರ್ಡ್ ವಿಶ್ವವಿದ್ಯಾನಿಲಯದ ದಿನಚರಿಯ ಪುಟಕ್ಕೆ ಏನನ್ನು ಅಂಟಿಸಲಾಯಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಪರದೆಯನ್ನು ಅಳಿಸಿದ ಮೇಲೆ ಅಕ್ಷರಗಳು ಕಾಣೆಯಾಗುತ್ತಿದ್ದುದಕ್ಕೆ ನಿಜವಾದ ಕಾರಣವೇನು? ಅದನ್ನು ಕಂಡುಹಿಡಿದ ಬಗೆ ಹೇಗೆ?
೨. ಅನ್ನದ ಅಗುಳಿನ ಪರೀಕ್ಷೆ ಪ್ರೋಗ್ರಾಮಿಗೆ ಏಕೆ ಸಲ್ಲದು?
೩. ಥೆರಾಕ್-೨೫ ಯಂತ್ರದ ದೋಷ ಇಂಜಿನಿಯರರಿಗೆ ಕಾಣದೆ ಆಸ್ಪತ್ರೆಯವರಿಗೆ ಕಂಡುದು ಹೇಗೆ?

ಇ) ಈ ಗಾದೆಗಳು ಪಾಠದಲ್ಲಿ ಯಾವ ಸಂದರ್ಭದಲ್ಲಿ ಬಂದಿವೆ? ವಿವರಿಸಿರಿ.
೧. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.
೨. ಬೆಟ್ಟ ಅಗೆದು ಇಲಿ ಹಿಡಿದಂತೆ.

ಈ) ಲೆಕ್ಕ ಹಾಕಿರಿ: ಒಂದು ಬೈಟಿನಲ್ಲಿ ಅಡ್ಡಳತೆಯನ್ನು ಇರಿಸಿದ್ದರೆ ೩೧೯ನೆಯ ಸ್ಥಾನದ ಚುಕ್ಕೆ ಎಲ್ಲಿ ಮೂಡುತ್ತದೆ?